ಕೀಲ್ ಕೂರುವ ಮೊದಲು

"ನನ್ನ ಬೋಟ್ ಎಲ್ಲಿ?"

ಮೇಜಿನ ಕೆಳಗೆ ಬಗ್ಗಿ ವೈರುಗಳ ನಡುವೆ ಕೈಯಾಡಿಸುತ್ತಿದ್ದ ಯುವಕ ಬೆಚ್ಚಿ ತಲೆ ಎತ್ತಿದ. ಠಣ್! ನೆತ್ತಿ ಮೇಜಿಗೆ ಬಡಿಯಿತು.

"ಅಯ್ಯೋ..." ಎಂದು ತಲೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದವನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು ತೃಷಾ.

"ಎಂತ ಬೋಟ್?"

"ಎಂತ ಬೋಟಾ? ದಸರಾ ರಜೆಯಲ್ಲಿ ಬಂದು ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿದ್ದು ನೀವೇ ಅಲ್ವಾ? ಬನ್ನಿ ಇಲ್ಲಿ. ನಿಮ್ಮ ಕಣ್ಣಿಂದಲೇ ನೋಡಿ!"

ಆಯುಧ ಪೂಜೆಯ ಚೆಂಡುಹೂವಿನ ಮಾಲೆ ಅವಳ ಕಂಪ್ಯೂಟರಿನ ಮೇಲೆ ಇನ್ನೂ ಬಾಡದೆ ತೂಗುತ್ತಿತ್ತು. ಅದರ ಕೆಳಗೆ ಪರದೆಯ ತುಂಬ ಕೆಂಪು ಗುರುತುಗಳು. ಬೋಟಿನ ಹೊರಮೈ ಮಾತ್ರ ಉಳಿದಿತ್ತು. ಎಂಜಿನ್ ರೂಮ್ ಇಲ್ಲ, ಚುಕ್ಕಾಣಿಯ ಕೋಣೆ ಇಲ್ಲ, ಏಣಿ ಇಲ್ಲ. 'ಫೈಲ್ ಸಿಗುತ್ತಿಲ್ಲ' ಎಂಬ ಚೌಕವನ್ನು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತಿತ್ತು.

ಯುವಕ ಪರದೆಯನ್ನು ನೋಡಿದ. ಆಮೇಲೆ ಕಂಪ್ಯೂಟರಿಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ನೋಡಿದ.

"ತೃಷಾ ಅವರೇ, ಒಂದು ನಿಮಿಷ..."

"ಹೆಸರು ಹಿಡಿದು ಕರೆಯುವಷ್ಟು ಪರಿಚಯ ನಮಗೆ ಆಗ್ಲಿಲ್ಲ. ಮೇಡಂ ಅಂದ್ರೆ ಸಾಕು!"

"ಸರಿ ಮೇಡಂ," ಎಂದು ಅವನು ನಕ್ಕ. "ನಾನು ಹಿತೇಶ್. ನನ್ನನ್ನು ಹೆಸರು ಹಿಡಿದೇ ಕರೀಬಹುದು, ತೊಂದರೆ ಇಲ್ಲ."

ಆ ನಗುವಿಗೆ ತೃಷಾಳ ಪಿತ್ತ ನೆತ್ತಿಗೇರಿತು. ಮೊದಲೇ ಅವಳ ಕೋಪ ಮೂಗಿನ ತುದಿಯಲ್ಲಿ. 'ನನ್ನ ಬೋಟು ನುಂಗಿ ನೀರು ಕುಡಿದು, ಮೇಲಿಂದ ನಗ್ತಾನೆ ಬೇರೆ!'

ಸದ್ದು ಕೇಳಿ ಗಾಜಿನ ಕೋಣೆಯಿಂದ ಲೋಕನಾಥ ಸರ್ ಹೊರಗೆ ಬಂದರು. ಕೊಟ್ಟಾರದ ಹೆದ್ದಾರಿ ಬದಿಯ ಆ ಡಿಸೈನ್ ಆಫೀಸು ಅವರದು. ಮೀನುಗಾರಿಕೆಯ ಸ್ಟೀಲ್ ಬೋಟುಗಳ ನಕ್ಷೆ ಮಾಡಿ ಯಾರ್ಡಿಗೆ ಕೊಡುವುದು ಅವರ ಕಸುಬು. ಪಕ್ಕದ ಮೇಜಿನ ಬೆನಿಟಾ ಕೂಡ ಚಾದ ಲೋಟ ಹಿಡಿದುಕೊಂಡೇ ಎದ್ದುನಿಂತಳು.

"ಎಲ್ಲ ಡಿಲೀಟ್ ಮಾಡಿ ಹಾಕಿದ್ದಾರೆ ಸರ್ ಇವರು!"

"ಯಾವುದೂ ಡಿಲೀಟ್ ಆಗ್ಲಿಲ್ಲ ಸರ್," ಎಂದ ಹಿತೇಶ್. ಅವನ ದನಿಯಲ್ಲಿ ಗಡಿಬಿಡಿಯೇ ಇರಲಿಲ್ಲ. "ಬೋಟಿನ ದೊಡ್ಡ ಫೈಲ್ ಉಂಟಲ್ಲ ಮೇಡಂ, ಅದರೊಳಗೆ ಎಂಜಿನ್ ರೂಮ್ ಇರುವುದಿಲ್ಲ. ಎಂಜಿನ್ ರೂಮಿನ ಫೈಲ್ ಎಲ್ಲಿ ಉಂಟು ಅಂತ ವಿಳಾಸ ಮಾತ್ರ ಇರುವುದು. ಹೊಸ ವರ್ಶನ್ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟಿದೆ, ಅಲ್ಲಿ ಯಾರೂ ಇಲ್ಲ. ಮನೆ ಬದಲಿಸಿದವರನ್ನು ಸತ್ತರು ಅಂತ ಹೇಳ್ಲಿಕ್ಕೆ ಆಗ್ತದಾ?"

ಬೆನಿಟಾ ಕಿಸಕ್ಕನೆ ನಕ್ಕಳು. ತೃಷಾ ನಗಲಿಲ್ಲ.

"ಒಂದೇ ಪ್ರಶ್ನೆ ಮೇಡಂ. ಹೊಸ ವರ್ಶನ್ ಹಾಕ್ಲಿಕ್ಕೆ ಎಲ್ಲ ಕಂಪ್ಯೂಟರ್ ಪೂರ್ತಿ ಒರೆಸಿ ತೆಗೆದಿದ್ದೇನೆ. ಈ ಬೋಟಿನ ಫೈಲ್ ಏನಾದ್ರೂ ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ರಾ? ಯಾಕಂದ್ರೆ ನಾನು..."

"ಇಲ್ಲ!" ಅವಳು ಮಾತು ಮುಗಿಸಲು ಬಿಡಲಿಲ್ಲ. "ಆಫೀಸಿನ ಕೆಲಸ ಎಲ್ಲ ಸರ್ವರಿನಲ್ಲೇ ಇಡಬೇಕು ಅಂತ ಇಲ್ಲಿ ನಿಯಮ ಉಂಟು. ನನಗೆ ನಿಯಮ ಕಲಿಸ್ಲಿಕ್ಕೆ ಬರ್ಬೇಡಿ!"

ಹಿತೇಶ್ ತಲೆಯಾಡಿಸಿದ. ಅವಳ ಮಾತನ್ನು ಹಾಗೆಯೇ ನಂಬಿ ಸರ್ವರಿನ ಕಡೆ ಹೋದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತೃಷಾ ಕುರ್ಚಿಯಲ್ಲಿ ಕುಸಿದು ಕೂತಳು. 'ಒರೆಸಿ ತೆಗೆದಿದ್ದಾನಂತೆ... ಪೂರ್ತಿ!'

ಯಾಕೆಂದರೆ ಅವಳು ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದಳು!

ನಿಯಮ ಗೊತ್ತಿಲ್ಲದೆ ಇಟ್ಟದ್ದಲ್ಲ. ಅದಕ್ಕೊಂದು ಕಾರಣವಿತ್ತು.

ಆ ಬೋಟು ತೃಷಾ ಒಬ್ಬಳೇ ಡಿಸೈನ್ ಮಾಡಿದ ಮೊದಲ ಬೋಟು. ಮಾಲಕರು ಆಂಬ್ರೋಸ್. ಅದನ್ನು ನಡೆಸಬೇಕಾದ ತಾಂಡೇಲ, ಎಂದರೆ ಬೋಟಿನ ಮುಖ್ಯಸ್ಥ, ತೃಷಾಳ ಅಪ್ಪ ನೋಣಯ್ಯ. ವರ್ಷಗಟ್ಟಲೆ ತನ್ನ ಬೋಟು ನಡೆಸಿದ ನೋಣಯ್ಯನಿಗೇ ಆಂಬ್ರೋಸ್ ಹೊಸ ಬೋಟಿಗೆ ಹೆಸರಿಡುವ ಮರ್ಯಾದೆಯನ್ನೂ ಕೊಟ್ಟಿದ್ದರು. ನೋಣಯ್ಯ ಒಂದು ಹೆಸರು ಆರಿಸಿ ಮಗಳ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದರು. ಬಾಯಿಬಿಟ್ಟು ಹೇಳಿರಲಿಲ್ಲ. ಅವರ ಮನೆತನದಲ್ಲಿ ಹಿಂದಿನಿಂದ ಬಂದ ಮಾತು ಅದು: ಕೀಲ್ ಕೂರುವ ಮೊದಲು, ಅಂದರೆ ಬೋಟಿನ ಬೆನ್ನೆಲುಬಾದ ಆ ಉದ್ದನೆಯ ಉಕ್ಕು ಯಾರ್ಡಿನಲ್ಲಿ ಮುಹೂರ್ತ ನೋಡಿ ಇಳಿಯುವ ಮೊದಲು, ಬೋಟಿನ ಹೆಸರು ಯಾರ ಬಾಯಿಗೂ ಬರಬಾರದು. ಬಂದರೆ ಆ ಬೋಟು ನೀರು ಕಾಣುವುದಿಲ್ಲ.

ಅದಕ್ಕೇ ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಕೀಲ್ ಇನ್ನೂ ಕೂತಿಲ್ಲ ನೋಡಿ.

ಎಂಜಿನಿಯರಿಂಗ್ ಓದಿದ ತೃಷಾ ಇದನ್ನೆಲ್ಲ ನಂಬುವವಳಲ್ಲ... ಹಾಗೆಂದು ಹೇಳಿಕೊಂಡು ತಿರುಗುವವಳು! ಆಯುಧ ಪೂಜೆಗೆ ಎಲ್ಲರೂ ಕಂಪ್ಯೂಟರ್ ಒರೆಸಿ ಕುಂಕುಮ ಇಡುವಾಗ, ತನ್ನ ಬೋಟಿಗೆ ಬರೀ ನಂಬರಿನಲ್ಲಿ ಪೂಜೆಯಾಗುವುದು ಅವಳಿಗೆ ಬೇಸರವೆನಿಸಿತು. ಸರ್ವರಿನಲ್ಲಿ ಹೆಸರು ಬರೆದರೆ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ತನ್ನ ಡೆಸ್ಕ್‌ಟಾಪ್‌ನಲ್ಲೇ ಆ ಹೆಸರಿನ ಫೋಲ್ಡರ್ ಮಾಡಿ, ಎಂಜಿನ್ ರೂಮು, ಏಣಿ, ಚುಕ್ಕಾಣಿಯ ಕೋಣೆ ಎಲ್ಲವನ್ನೂ ಅದರೊಳಗೆ ಸಾಗಿಸಿದ್ದಳು. 'ಬಾಯಲ್ಲಿ ಹೇಳ್ಲಿಲ್ಲ, ಟೈಪ್ ಮಾಡಿದ್ದು ಅಷ್ಟೇ ಅಲ್ವಾ?' ರಜೆ ಮುಗಿದ ಮೇಲೆ ವಾಪಸ್ ಹಾಕಿದರಾಯಿತು ಅಂದುಕೊಂಡಿದ್ದಳು.

ಈಗ ನೋಡಿದರೆ ಫೋಲ್ಡರೂ ಇಲ್ಲ, ಬೋಟೂ ಇಲ್ಲ!

'ಹೆಸರು ಬರೆದದ್ದಕ್ಕೇ ಹೀಗಾಯ್ತಾ?' ಎಂಬ ಹೆದರಿಕೆ ಎದೆಯಲ್ಲಿ ಕೂತಿತು. ಆ ಹೆದರಿಕೆಯನ್ನು ಯಾರಿಗೂ ತೋರಿಸಲಾರದೆ ಸಿಕ್ಕಿದವನ ಮೇಲೆ ಹರಿಹಾಯ್ದಿದ್ದಳು.

ಮಧ್ಯಾಹ್ನದ ಊಟದ ಹೊತ್ತಿಗೆ ಹಿತೇಶ್ ಅವಳ ಕುರ್ಚಿಯ ಹತ್ತಿರ ಬಂದ. "ಒಮ್ಮೆ ತೆಗೆದು ನೋಡಿ ಮೇಡಂ. ಆಫೀಸಿನ ಎಲ್ಲ ಹಳೆ ಬೋಟುಗಳ ಫೋಲ್ಡರ್ ಉಂಟಲ್ಲ, ಅಲ್ಲಿಯೂ ಹುಡುಕು ಅಂತ ಸಾಫ್ಟ್‌ವೇರಿಗೆ ಹೇಳಿದ್ದೇನೆ."

ಬೋಟು ತೆರೆದುಕೊಂಡಿತು. ಒಂದೇ ಒಂದು ಕೆಂಪು ಗುರುತಿಲ್ಲ! ಎಂಜಿನ್ ರೂಮ್ ಬಂತು, ಚುಕ್ಕಾಣಿಯ ಕೋಣೆ ಬಂತು, ಏಣಿಯೂ ಬಂತು.

"ಆಯ್ತಲ್ಲ!" ಲೋಕನಾಥ ಸರ್ ಚಪ್ಪಾಳೆ ತಟ್ಟಿದರು. "ಇಷ್ಟಕ್ಕೆ ಇಡೀ ಆಫೀಸ್ ತಲೆ ಮೇಲೆ ಮಾಡಿದೆಯಲ್ಲ ಮಾರಾಯ್ತಿ!"

ತೃಷಾ ಮಾತ್ರ ಪರದೆಯನ್ನು ಹತ್ತಿರಕ್ಕೆ ಎಳೆದು, ಬೋಟನ್ನು ತಿರುಗಿಸಿ, ಒಳಗೆ ಇಣುಕಿದಳು. ಅವಳ ಮುಖ ಬಿಳುಚಿತು.

"ಇದು ನನ್ನ ಬೋಟ್ ಅಲ್ಲ."

"ಎಂತ?"

"ಏಣಿ ನೋಡಿ ಸರ್. ನೆಟ್ಟಗೆ, ಗೋಡೆಗೆ ಹಾಕಿದ ಸರಳಿನ ಹಾಗೆ ಉಂಟು. ನಾನು ಮಾಡಿದ್ದು ಓರೆ ಏಣಿ. ಅಗಲ ಮೆಟ್ಟಿಲು, ಎರಡೂ ಬದಿ ಹಿಡಿಕೆ."

ಹಿತೇಶ್ ಬಗ್ಗಿ ನೋಡಿದ. ಫೈಲಿನ ತಾರೀಕು ನೋಡಿದ. ಅವನ ನಗು ಮಾಯವಾಯಿತು.

"ಮೇಡಂ ಹೇಳುವುದು ಸರಿ ಸರ್. ಇದು ಹಳೆ ಬೋಟಿನ ಏಣಿ. ಎರಡಕ್ಕೂ ಒಂದೇ ಹೆಸರು ಇಟ್ಟ ಕಾರಣ ಸಿಕ್ಕಿದ್ದನ್ನು ಎಳೆದುಕೊಂಡಿದೆ. ಇದು ಕೆಂಪು ಗುರುತಿಗಿಂತ ಅಪಾಯ. ತಪ್ಪು ಉಂಟು ಅಂತ ಗೊತ್ತೇ ಆಗುದಿಲ್ಲ. ಇದನ್ನು ಯಾರ್ಡಿಗೆ ಕಳಿಸ್ಬೇಡಿ."

"ಹಳೆ ಏಣಿಗೆ ಎಂತ ಆಗಿದೆ ಮಾರಾಯ? ಇಷ್ಟು ಬೋಟಿನಲ್ಲಿ ಅದೇ ಉಂಟು!"

"ಪಪ್ಪ ಬಿದ್ದದ್ದು ಅದರಿಂದಲೇ ಸರ್," ಎಂದಳು ತೃಷಾ. ಅವಳ ದನಿ ಮೊದಲ ಬಾರಿಗೆ ಸಣ್ಣದಾಯಿತು. "ಇವತ್ತಿಗೂ ಬಲಗಾಲು ಎಳೀತಾರೆ."

ಲೋಕನಾಥ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮುಂದಿನ ಶುಕ್ರವಾರ ಬೆಳಿಗ್ಗೆ ಕೀಲ್ ಮುಹೂರ್ತ. ಬುಧವಾರ ಮಧ್ಯಾಹ್ನ ಉಕ್ಕಿನ ತಗಡು ಕತ್ತರಿಸ್ಲಿಕ್ಕೆ ಯಾರ್ಡಿಗೆ ಡ್ರಾಯಿಂಗ್ ಹೋಗ್ಬೇಕು. ಅಷ್ಟರಲ್ಲಿ ನಿನ್ನ ಬೋಟ್ ಸಿಕ್ಕಿದರೆ ನಿನ್ನದು. ಇಲ್ಲದಿದ್ರೆ ಹಳೆಯದೇ ಹೋಗ್ತದೆ. ಮುಹೂರ್ತ ಯಾರಿಗೂ ನಿಲ್ಲುದಿಲ್ಲ ತೃಷಾ."

ಸಿಗುವುದಿಲ್ಲ ಎಂದು ತೃಷಾಳಿಗೆ ಖಾತ್ರಿಯಿತ್ತು. ಆದರೆ ಅತ್ತುಕೊಂಡು ಕೂರುವ ಹೆಣ್ಣಲ್ಲ ಅವಳು. ದುಪಟ್ಟಾ ಬಿಗಿದು ಮೊದಲಿನಿಂದ ಗೆರೆ ಎಳೆಯಲು ಕೂತಳು.

ಹಿತೇಶನಿಗೂ ಹೋಗಲು ಮನಸ್ಸಾಗಲಿಲ್ಲ. "ಅಪ್‌ಗ್ರೇಡ್ ಮಾಡಿದ್ದು ನಾನು. ನಿಮ್ಮ ಬೋಟ್ ಪೂರ್ತಿ ಆಗುವವರೆಗೆ ನನ್ನ ಕೆಲಸ ಮುಗಿಯುದಿಲ್ಲ," ಎಂದು ದಿನಾ ಬೆಳಿಗ್ಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಉಳಿದ ಭಾಗಗಳ ವಿಳಾಸಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದ. ಹಳೆಯದು ನುಸುಳಿದ್ದರೆ ಕಿತ್ತು ಹೊಸದನ್ನು ಜೋಡಿಸುತ್ತಿದ್ದ.

"ನಿಮಗೆ ಬೋಟಿನ ಬಗ್ಗೆ ಎಂತ ಗೊತ್ತುಂಟು?" ಎಂದು ಕೆಣಕಿದಳು ತೃಷಾ ಒಂದು ದಿನ.

"ಮುಳುಗಬಾರದು ಅಂತ ಗೊತ್ತುಂಟು ಮೇಡಂ."

ಅವಳು ನಗಬಾರದೆಂದು ತುಟಿ ಕಚ್ಚಿದಳು. ಆದರೂ ನಗು ಬಂದೇಬಿಟ್ಟಿತು. ಆಚೆ ಮೇಜಿನಿಂದ ಬೆನಿಟಾ ಹುಬ್ಬು ಹಾರಿಸಿದಳು.

ಏಣಿಯ ಅಳತೆ ಮತ್ತೆ ಬೇಕಾಗಿತ್ತು. ಶನಿವಾರ ಬೆಳಿಗ್ಗೆ ಇಬ್ಬರೂ ಬಂದರಿನ ದಕ್ಕೆಗೆ ಹೋದರು. ಒತ್ತೊತ್ತಾಗಿ ನಿಂತ ಬೋಟುಗಳ ಮೇಲಿಂದ ದಾಟಿ ದಾಟಿ ಆಂಬ್ರೋಸರ ಹಳೆ ಬೋಟಿಗೆ ಬಂದಾಗ ನೋಣಯ್ಯ ಬಲೆಯ ಹತ್ತಿರ ಕೂತಿದ್ದರು. ಮಗಳ ಹಿಂದೆ ಬಂದ ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು.

"ಇವನಾ ಮಗಾ, ನಿನ್ನ ಬೋಟ್ ಕಳೆದದ್ದು?"

"ಹುಡುಕುವವನೂ ನಾನೇ ಅಣ್ಣ," ಎಂದ ಹಿತೇಶ್. ಟೇಪು ಹಿಡಿದು ಎಂಜಿನ್ ರೂಮಿಗೆ ಇಳಿಯಲು ಹೋದ. ಎಣ್ಣೆ ಜಿಡ್ಡಿನ ಸರಳಿನ ಮೇಲೆ ಕಾಲು ಜಾರಿತು. ತೃಷಾ ಚಟ್ಟನೆ ಅವನ ಮುಂಗೈ ಹಿಡಿದಳು.

ಒಂದು ಕ್ಷಣ ಇಬ್ಬರೂ ಹಾಗೆಯೇ ನಿಂತರು. ಅವನ ಕೈ ಬೆಚ್ಚಗಿತ್ತು. ಅವಳ ಎದೆ ಡವಡವ ಎನ್ನುತ್ತಿತ್ತು. 'ಬೀಳ್ತಾನೆ ಅಂತ ಹೆದರಿಕೆಗೆ... ಬೇರೆ ಎಂತದೂ ಅಲ್ಲ!'

"ಮೇಡಂ," ಎಂದ ಹಿತೇಶ್ ಮೆಲ್ಲಗೆ. "ಈ ಏಣಿ ಬದಲಾಗ್ಲೇಬೇಕು."

ಆ ಒಂದು ಮಾತಿಗೆ ತೃಷಾಳ ಕಣ್ಣು ತುಂಬಿತು. ಆಫೀಸಿನಲ್ಲಿ ಯಾರಿಗೂ ಅರ್ಥವಾಗದ್ದು ಇವನಿಗೆ ಅರ್ಥವಾಗಿತ್ತು.

ಹೊರಡುವಾಗ ಹಿತೇಶ್ ಸುಮ್ಮನೆ ಕೇಳಿದ, "ಹೊಸ ಬೋಟಿಗೆ ಹೆಸರು ಎಂತ ಅಣ್ಣ?"

ನೋಣಯ್ಯ ಥಟ್ಟನೆ ತುಟಿಯ ಮೇಲೆ ಬೆರಳಿಟ್ಟರು. "ಕೀಲ್ ಕೂರುವ ಮೊದಲು ಕೇಳ್ಲಿಕ್ಕೂ ಇಲ್ಲ, ಹೇಳ್ಲಿಕ್ಕೂ ಇಲ್ಲ ಮಾರಾಯ! ನಮಗೆ ಅದು ಆಗಿಬರುದಿಲ್ಲ. ಹೆಸರು ಕೇಳ್ಬೇಕಾದ್ರೆ ಮುಹೂರ್ತಕ್ಕೆ ಬಾ."

ತೃಷಾ ತಲೆತಗ್ಗಿಸಿದಳು. ಹಿಂದಿರುಗುವಾಗ ಹಿತೇಶನ ಸ್ಕೂಟರಿನ ಹಿಂದೆ ಕೂತು, 'ಹೇಳಿಬಿಡ್ಲಾ? ತಪ್ಪು ನನ್ನದೇ ಅಂತ?' ಎಂದು ನೂರು ಸಲ ಯೋಚಿಸಿದಳು. ಎಲ್ಲರೆದುರು ಬೈದು, ಈಗ ಯಾವ ಮುಖದಲ್ಲಿ ಹೇಳುವುದು?

ಬುಧವಾರ ಬಂದೇಬಿಟ್ಟಿತು.

ಏಣಿ ಆಗಿತ್ತು. ಎಂಜಿನ್ ರೂಮು ಅರ್ಧ. ಚುಕ್ಕಾಣಿಯ ಕೋಣೆಗೆ ಕೈಯೇ ಹಾಕಿರಲಿಲ್ಲ. ಲೋಕನಾಥ ಸರ್ ಗಡಿಯಾರ ನೋಡಿದರು.

"ಸಾಕು ತೃಷಾ. ಹಳೆಯದನ್ನು ಕಳಿಸ್ತೇನೆ."

"ಸರ್, ಇನ್ನೊಂದು ಗಂಟೆ..."

"ಒಂದು ಗಂಟೆಯಲ್ಲಿ ಬೋಟ್ ಹುಟ್ಟುದಿಲ್ಲ ಮಗಾ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹಿತೇಶ್ ಓಡಿಬಂದ. ತಲೆಯಲ್ಲಿ ಹೆಲ್ಮೆಟ್ ಇಲ್ಲ, ಕೂದಲು ಕೆದರಿದೆ, ಕೈಯಲ್ಲಿ ಒಂದು ಪುಟ್ಟ ಡಿಸ್ಕ್.

"ಕಳಿಸ್ಬೇಡಿ ಸರ್! ಸಿಕ್ಕಿತು!"

ಡಿಸ್ಕ್ ಚುಚ್ಚಿ, ಫೈಲುಗಳನ್ನು ಸರ್ವರಿನಲ್ಲಿ ಬೋಟಿನ ನಂಬರಿನ ಫೋಲ್ಡರಿಗೆ ಸುರಿದು, ಹೊಸ ವಿಳಾಸ ಕೊಟ್ಟ. ಬೋಟು ತೆರೆದುಕೊಂಡಿತು. ಓರೆ ಏಣಿ! ಅಗಲ ಮೆಟ್ಟಿಲು! ಎರಡೂ ಬದಿ ಹಿಡಿಕೆ! ಪಪ್ಪನ ಬೆನ್ನಿಗೆ ಆಸರೆ ಕೊಟ್ಟು ಮಾಡಿದ ಚುಕ್ಕಾಣಿಯ ಕುರ್ಚಿ!

ತೃಷಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಎಲ್ಲಿತ್ತು ಇದು?" ಲೋಕನಾಥ ಸರ್ ಕೇಳಿದರು.

ಹಿತೇಶ್ ಒಮ್ಮೆ ತೃಷಾಳನ್ನು ನೋಡಿದ. ಆಮೇಲೆ ನೆಲ ನೋಡಿದ.

"ನನ್ನ ಹತ್ತಿರವೇ ಇತ್ತು ಸರ್. ಒರೆಸುವ ಮೊದಲು ಎಲ್ಲ ಕಂಪ್ಯೂಟರಿನ ಒಂದು ಕಾಪಿ ತೆಗೆದಿಡುವುದು ನನ್ನ ಪದ್ಧತಿ. ಅದರಲ್ಲಿ ಒಂದು ಫೋಲ್ಡರ್ ನೋಡದೆ ಬಿಟ್ಟಿದ್ದೆ. ತಪ್ಪು ನನ್ನದು."

"ನಿಮ್ಮ ಹತ್ತಿರವೇ ಇಟ್ಟುಕೊಂಡು ಇಷ್ಟು ದಿನ ನಮ್ಮನ್ನು ಕುಣಿಸಿದ್ರಾ? ನಾಚಿಕೆ ಆಗುದಿಲ್ವಾ?" ಲೋಕನಾಥ ಸರ್ ಕೆಂಡವಾದರು. "ಬಿಲ್ ಕಳಿಸಿ. ಇನ್ನು ಈ ಆಫೀಸಿಗೆ ಕಾಲಿಡ್ಬೇಡಿ!"

ಹಿತೇಶ್ ಡಿಸ್ಕ್ ಕಿತ್ತು ಜೇಬಿಗೆ ಹಾಕಿಕೊಂಡು ಹೊರಗೆ ನಡೆದ.

ಡ್ರಾಯಿಂಗ್ ಯಾರ್ಡಿಗೆ ಹೋಯಿತು. ತೃಷಾಳ ತಲೆಯಲ್ಲಿ ಮಾತ್ರ ಒಂದೇ ಮಾತು ಸುತ್ತುತ್ತಿತ್ತು. 'ಅವನ ಹತ್ತಿರವೇ ಇತ್ತು... ಮೊದಲ ದಿನದಿಂದ!' ತಾನು ಊಟ ಬಿಟ್ಟು ಗೆರೆ ಎಳೆದದ್ದು, ದಕ್ಕೆಯಲ್ಲಿ ಕಣ್ಣು ತುಂಬಿಕೊಂಡದ್ದು, ಎಲ್ಲವನ್ನೂ ಅವನು ನೋಡುತ್ತ ಕೂತಿದ್ದನೇ? ಮೆಟ್ಟಿಲಿಳಿದು ಓಡಿದಳು.

"ನಿಲ್ಲಿ!"

ಸ್ಕೂಟರಿನ ಹತ್ತಿರ ಹಿತೇಶ್ ತಿರುಗಿದ.

"ನನ್ನ ಬೋಟ್ ಜೇಬಲ್ಲಿ ಇಟ್ಟುಕೊಂಡು ನನ್ನ ಪಕ್ಕ ಕೂತು ಚಾ ಕುಡಿದ್ರಲ್ಲ! ಎಂತಕ್ಕೆ? ಬೈದದ್ದಕ್ಕೆ ಸೇಡಾ? ಅಲ್ಲ, ಅಳುವುದನ್ನು ನೋಡ್ಲಿಕ್ಕೆ ಚಂದ ಉಂಟು ಅಂತಲಾ?"

ಅವನ ಮುಖದ ಬಣ್ಣ ಇಳಿಯಿತು.

"ಡೆಸ್ಕ್‌ಟಾಪ್‌ನಲ್ಲಿ ಎಂತಾದ್ರೂ ಉಂಟಾ ಅಂತ ಮೊದಲ ದಿನವೇ ಕೇಳಿದ್ದೆ. ನೀವು ಇಲ್ಲ ಅಂದ್ರಿ. ನಾನು ನಂಬಿದೆ." ಸ್ಕೂಟರ್ ಸ್ಟಾರ್ಟ್ ಮಾಡಿದ. "ನಿಮ್ಮ ಮಾತು ನಂಬಿದ್ದು ತಪ್ಪಾ ಮೇಡಂ?"

ಸ್ಕೂಟರ್ ಹೆದ್ದಾರಿ ಸೇರಿತು. ತೃಷಾ ನಿಂತಲ್ಲೇ ನಿಂತಳು.

ಉರ್ವದ ಮನೆಗೆ ಬಂದರೆ ಜಗಲಿಯ ಮೇಲೆ ಒಂದು ನೀಲಿ ಹೆಲ್ಮೆಟ್. ಪರಿಚಯದ ಹೆಲ್ಮೆಟ್!

"ಇದು ಇಲ್ಲಿ ಹೇಗೆ ಬಂತು ಅಜ್ಜಿ?"

ಅಮ್ಮ ಇಲ್ಲದ ತೃಷಾಳನ್ನು ಮೀನು ಮಾರಿ ಬೆಳೆಸಿದವಳು ನೋಣಯ್ಯನ ತಾಯಿಯಾದ ಈ ಅಜ್ಜಿ. ವಯಸ್ಸಾದರೂ ಉರ್ವದ ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂರುವುದನ್ನು ಬಿಟ್ಟಿರಲಿಲ್ಲ.

"ಆ ಹುಡುಗನದ್ದು ಬಾಲೆ! ಇವತ್ತು ಅಳತೆ ನೋಡ್ಲಿಕ್ಕೆ ಅಂತ ದಕ್ಕೆಗೆ ಹೋಗಿದ್ದನಂತೆ, ನಿನ್ನ ಅಪ್ಪ ಅವನ ಹತ್ತಿರ ಬಂಗುಡೆ ಮೀನು ಕೊಟ್ಟು ಕಳಿಸಿದ್ದ. ಬೆಳಿಗ್ಗೆ ಮಾರ್ಕೆಟಿಗೆ ತಂದುಕೊಟ್ಟ. ಒಳ್ಳೆ ಹುಡುಗ, ಕೂತು ಮಾತಾಡ್ತಿದ್ದ. ಆಚೆ ಬದಿಯ ಆಗ್ನೆಸ್ ಚಿಲ್ಲರೆ ಬೇಕು ಅಂತ ನನ್ನ ಹೆಸರು ಹಿಡಿದು ಕೂಗಿದಳು ನೋಡು... ಎದ್ದು ನಿಂತುಬಿಟ್ಟ!"

ತೃಷಾ ಹೆಲ್ಮೆಟ್ ಕೈಗೆತ್ತಿಕೊಂಡಳು. "ಆಮೇಲೆ?"

"'ನಿಮ್ಮ ಹೆಸರು ಅದಾ ಅಜ್ಜಿ?' ಅಂತ ಎರಡೆರಡು ಸಲ ಕೇಳಿದ. ಹೌದು ಅಂದೆ. 'ಅಯ್ಯೋ, ನಾನು ಅದು ಅವರ ಸ್ವಂತದ ಫೋ... ಫೋಟೋ ಅಂತ ತೆರೆಯದೇ ಬಿಟ್ಟೆನಲ್ಲ!' ಅಂತ ತಲೆ ಬಡಿದುಕೊಂಡ. ಆಮೇಲೆ ನಗ್ಲಿಕ್ಕೆ ಸುರು. ಹೆಲ್ಮೆಟ್ ಬಿಟ್ಟು ಓಡಿದ. ನನ್ನ ಹೆಸರಿನಲ್ಲಿ ಅಷ್ಟು ನಗುವಂಥದ್ದು ಎಂತ ಉಂಟು?"

ತೃಷಾ ಗೋಡೆಗೆ ಒರಗಿದಳು. ಈಗ ಎಲ್ಲವೂ ಬಿಡಿಸಿಟ್ಟಂತೆ ಕಂಡಿತು. ಅವನ ಡಿಸ್ಕಿನಲ್ಲಿ ಆ ಹೆಸರಿನ ಫೋಲ್ಡರ್ ಇತ್ತು. ಹೆಣ್ಣುಮಗಳ ಸ್ವಂತದ್ದು ಎಂದು ಅವನು ತೆರೆದಿರಲಿಲ್ಲ. ಆಫೀಸಿನದು ಏನೂ ಇಲ್ಲ ಎಂದು ಅವಳೇ ಹೇಳಿದ್ದಳಲ್ಲ! ಅಜ್ಜಿಯ ಹೆಸರು ಕಿವಿಗೆ ಬಿದ್ದಾಗಲೇ ಅದು ಬೋಟಿನ ಹೆಸರು ಎಂದು ಅವನಿಗೆ ಹೊಳೆದದ್ದು.

ಮತ್ತೆ ಆಫೀಸಿನಲ್ಲಿ... ಎಲ್ಲಿತ್ತು ಎಂದು ನಿಜ ಹೇಳಬೇಕಾದರೆ ಅವಳ ಸುಳ್ಳನ್ನು ಬಯಲು ಮಾಡಬೇಕಿತ್ತು. ಯಾವ ಫೋಲ್ಡರ್ ಎಂದು ಕೇಳಿದರೆ ಹೆಸರು ಹೇಳಬೇಕಿತ್ತು. ಕೀಲ್ ಕೂರುವ ಮೊದಲು ಆ ಹೆಸರು ಬಾಯಿಗೆ ಬರಬಾರದೆಂದು ಅವಳ ಅಪ್ಪನೇ ಅವನಿಗೆ ಹೇಳಿದ್ದರು. ಅದಕ್ಕೇ ತಪ್ಪನ್ನು ತಲೆಯ ಮೇಲೆ ಹೊತ್ತು, ಬೈಸಿಕೊಂಡು ಹೋದ.

'ಅಪ್ಪನ ನಂಬಿಕೆಯನ್ನು ಅಪ್ಪನ ಮಗಳೇ ಉಳಿಸಲಿಲ್ಲ. ಇವನು ಉಳಿಸಿದ...'

ಹೆಲ್ಮೆಟ್ಟನ್ನು ಎದೆಗವಚಿಕೊಂಡು ತೃಷಾ ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಗಾಬರಿಯಾಗಿ, "ಬಂಗುಡೆ ಚೆನ್ನಾಗಿಯೇ ಉಂಟಲ್ಲ ಬಾಲೆ!" ಎಂದಳು.

ಶುಕ್ರವಾರ ಬೆಳಿಗ್ಗೆ. ಉರ್ವದಲ್ಲೇ ಇನ್ನೊಂದು ಓಣಿಯ ಮನೆಯ ಎದುರು ಸ್ಕೂಟರ್ ನಿಲ್ಲಿಸಿ ತೃಷಾ ಹಾರ್ನ್ ಬಾರಿಸಿದಳು. ಮೈಮೇಲೆ ಹಸಿರು ರೇಷ್ಮೆ ಸೀರೆ, ಜಡೆಯಲ್ಲಿ ಮಲ್ಲಿಗೆ, ಕೈಯಲ್ಲಿ ನೀಲಿ ಹೆಲ್ಮೆಟ್.

ಹಲ್ಲುಜ್ಜುವ ಬ್ರಶ್ ಬಾಯಲ್ಲೇ ಇಟ್ಟುಕೊಂಡು ಬಾಗಿಲಿಗೆ ಬಂದ ಹಿತೇಶ್ ಹಾಗೇ ನಿಂತುಬಿಟ್ಟ.

"ಬೇಗ ಅಂಗಿ ಹಾಕ್ಕೊಂಡು ಬನ್ನಿ. ಮುಹೂರ್ತಕ್ಕೆ ಹೊತ್ತಾಯ್ತು."

ಅವನು ಬ್ರಶ್ ತೆಗೆದ. "ನನ್ನನ್ನು ಯಾರೂ ಕರೀಲಿಲ್ಲ ಮೇಡಂ."

"ಪಪ್ಪ ದಕ್ಕೆಯಲ್ಲಿ ಕರೆದಿದ್ದಾರೆ. ಈಗ ನಾನು ಕರೀತಿದ್ದೇನೆ."

"ನಿಮ್ಮ ಸರ್..."

"ಅವರನ್ನು ನಾನು ನೋಡ್ಕೊಳ್ತೇನೆ." ಹೆಲ್ಮೆಟ್ ಅವನ ಕೈಗಿತ್ತಳು. "ಕ್ಷಮೆ ಇಲ್ಲಿ ಕೇಳುದಿಲ್ಲ. ಬೈದದ್ದು ಎಲ್ಲರ ಎದುರು, ಕೇಳುವುದೂ ಎಲ್ಲರ ಎದುರೇ. ಬರ್ತೀರಾ, ಎತ್ತಿ ಕೂರಿಸ್ಬೇಕಾ?"

ಬಂದ! ಬರದೆ ಇರಲು ಸಾಧ್ಯವಿತ್ತೇ?

ನದಿಯ ದಡದ ಯಾರ್ಡಿನಲ್ಲಿ ಕ್ರೇನು ಆ ಉದ್ದನೆಯ ಉಕ್ಕನ್ನು ಮೆಲ್ಲಗೆ ಇಳಿಸಿತು. ಮರದ ದಿಮ್ಮಿಗಳ ಮೇಲೆ ಕೀಲ್ ಕೂತಿತು. ವೆಲ್ಡಿಂಗಿನ ಮೊದಲ ಕಿಡಿ ಹಾರಿತು. ಆಂಬ್ರೋಸ್ ಕೈಮುಗಿದರು, ಲೋಕನಾಥ ಸರ್ ತೆಂಗಿನಕಾಯಿ ಒಡೆದರು. ನೋಣಯ್ಯ ಕಾಲೆಳೆಯುತ್ತ ಬಂದು ಕೀಲಿನ ಮೇಲೆ ಅಂಗೈಯಿಟ್ಟು, ಇಡೀ ಯಾರ್ಡಿಗೆ ಕೇಳುವ ಹಾಗೆ ಕೂಗಿದರು:

"ಕಿನ್ನಿ!"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಹೆಸರಾ? ಮುದುಕಿಯ ಹೆಸರಿಟ್ಟರೆ ಬೋಟ್ ಓಡ್ತದಾ ಮಗಾ?" ಕಣ್ಣಲ್ಲಿ ಮಾತ್ರ ನೀರು ಧಾರೆಯಾಗಿ ಇಳಿಯುತ್ತಿತ್ತು.

ಎಲ್ಲರೂ ನಗುತ್ತಿದ್ದಾಗ ತೃಷಾ ಮುಂದೆ ಬಂದಳು.

"ಒಂದು ನಿಮಿಷ. ನನಗೆ ಹೇಳ್ಲಿಕ್ಕುಂಟು. ಈ ಬೋಟಿನ ಫೈಲ್ ಹಿತೇಶ್ ಕಳೆದದ್ದಲ್ಲ. ಕೀಲ್ ಕೂರುವ ಮೊದಲೇ ಈ ಹೆಸರು ಬರೆದು, ನಿಯಮ ಬಿಟ್ಟು ನನ್ನ ಡೆಸ್ಕ್‌ಟಾಪ್‌ನಲ್ಲಿ ಇಟ್ಟದ್ದು ನಾನು. ಅವರು ಕೇಳಿದಾಗ ಸುಳ್ಳು ಹೇಳಿದ್ದೂ ನಾನೇ. ಹೆಸರು ಹೊರಗೆ ಬರಬಾರದು ಅಂತ ಅವರು ತಪ್ಪು ತಮ್ಮ ಮೇಲೆ ಹಾಕ್ಕೊಂಡ್ರು." ಹಿತೇಶನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. "ಎಲ್ಲರೆದುರು ಬೈದದ್ದಕ್ಕೆ, ಎಲ್ಲರೆದುರು ಕ್ಷಮಿಸಿ."

ತೃಷಾ ಅಪ್ಪನ ಮುಖ ನೋಡಲು ಹೆದರಿದಳು.

ಮೊದಲು ಬಾಯಿಬಿಟ್ಟವಳು ಅಜ್ಜಿ. "ಹೊಟ್ಟೆಯಲ್ಲಿರುವಾಗ ತಾಯಿ ಮಗುವಿಗೆ ಹೆಸರು ಯೋಚಿಸುದಿಲ್ವಾ? ಬೋಟ್ ಹೆತ್ತವಳು ಅವಳು. ಬರೆದ್ರೆ ಬರೀಲಿ!"

ನೋಣಯ್ಯ ನಕ್ಕುಬಿಟ್ಟರು. ಲೋಕನಾಥ ಸರ್ ತಲೆ ಕೆರೆದುಕೊಂಡರು. "ನಿಯಮ ಮುರಿದವಳು ನೀನು, ಬೈಸಿಕೊಂಡವನು ಇವನು. ಸೋಮವಾರದಿಂದ ಬಾ ಮಾರಾಯ ಹಿತೇಶ್. ಇವಳ ಡೆಸ್ಕ್‌ಟಾಪ್ ದಿನಾ ತಪಾಸಣೆ ಮಾಡ್ಬೇಕು."

ಎಲ್ಲರೂ ಊಟದ ಎಲೆಗಳ ಕಡೆ ಹೋದರು. ಕೀಲಿನ ಹತ್ತಿರ ಇಬ್ಬರೇ ಉಳಿದರು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು.

"ಇಷ್ಟೆಲ್ಲ ಹೇಳುವ ಅಗತ್ಯ ಇರ್ಲಿಲ್ಲ ಮೇಡಂ," ಎಂದ ಹಿತೇಶ್.

"ಇನ್ನೊಂದು ಹೇಳ್ಲಿಕ್ಕೆ ಬಾಕಿ ಉಂಟು." ತೃಷಾ ನೇರವಾಗಿ ಅವನ ಕಣ್ಣು ನೋಡಿದಳು. "ನನಗೆ ನೀವು ಬೇಕು. ಬೋಟ್ ಹುಡುಕ್ಲಿಕ್ಕೆ ಅಲ್ಲ. ಪೂರ್ತಿ ಜೀವನಕ್ಕೆ. ದಕ್ಕೆಯಲ್ಲಿ ನಿಮ್ಮ ಕೈ ಹಿಡಿದ ದಿನದಿಂದ... ನಂಬ್ತೀರಾ?"

ಮೊದಲ ದಿನದ ಅದೇ ನಗು ಅವನ ಮುಖದಲ್ಲಿ ಮೆಲ್ಲಗೆ ಅರಳಿತು.

"ನೀವು ಸುಳ್ಳು ಹೇಳಿದಾಗಲೇ ನಂಬಿದವನು ಮೇಡಂ. ನಿಜ ಹೇಳಿದಾಗ ನಂಬದೆ ಇರ್ತೇನಾ?" ಅವನು ಅವಳ ಕೈ ಹಿಡಿದುಕೊಂಡ. "ನನಗೂ ಆ ದಿನದಿಂದಲೇ. ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ ಅಷ್ಟೇ."

"ಮತ್ತೆ ಇನ್ನೂ ಎಂತಕ್ಕೆ 'ಮೇಡಂ' ಅಂತ ಕರೆಯುವುದು?" ಎಂದಳು ತೃಷಾ.

"ನೀವೇ ಹೇಳಿದ್ದಲ್ವಾ, ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗ್ಲಿಲ್ಲ ಅಂತ?"

ತೃಷಾ ಕೀಲಿನ ಕಡೆ ತೋರಿಸಿದಳು. ಕುಂಕುಮ, ಮಲ್ಲಿಗೆ, ಒಡೆದ ಕಾಯಿಯ ನೀರು. "ಕೀಲ್ ಕೂತಿತು ಹಿತೇಶ್. ಇನ್ನು ಹೆಸರು ಹೇಳಬಹುದು."

ಅವನು ಅವಳ ಹತ್ತಿರಕ್ಕೆ ಬಗ್ಗಿ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ.

"ತೃಷಾ."

ಅವಳು ಕಣ್ಣು ಮುಚ್ಚಿಕೊಂಡಳು.

"ಇನ್ನೊಮ್ಮೆ ಹೇಳಿ..."